ತಂದೆಯವರನ್ನು ಟ್ರಯಲ್‌ಗೆ ಸೇರಿಸುವ ಮೊದಲು

ಅಮೆರಿಕಕ್ಕೆ ಬಂದು ವರ್ಷವೂ ತುಂಬಿಲ್ಲ, ಜೊತೆಯಲ್ಲಿರುವ ತಂದೆಯವರ ಕುತ್ತಿಗೆಯ ಎಡಗಡೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳ ಶೇ. 75ರಷ್ಟು ಕಿರಿದಾಗಿದೆ ಎಂದು ಸ್ಕ್ಯಾನಿನಲ್ಲಿ ಬಂದಿದೆ, ಅವರಿಗೆ ಏನೂ ತೊಂದರೆಯಿಲ್ಲ ಎಂದು ಬರೆದಿದ್ದೀರಿ. ಕ್ಲಿನಿಕಲ್ ಟ್ರಯಲ್, ಅಂದರೆ ಚಿಕಿತ್ಸೆಗಳನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ, ಹುಡುಕುವುದು ಹೇಗೆ, ಖರ್ಚು ಯಾರದು, ವೀಸಾ ಅಡ್ಡ ಬರುತ್ತದೆಯೇ, ನಡುವೆ ಊರಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮಪ್ಪನಿಗೂ ಇದೇ ಕಾಯಿಲೆ, ಇದೇ ಎಡಗಡೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಹುಡುಕುವುದು ಕಷ್ಟವಲ್ಲ. ಕ್ಲಿನಿಕಲ್‌ಟ್ರಯಲ್ಸ್.ಗವ್ ಎಂಬ ಸರ್ಕಾರಿ ತಾಣ 2000ದಿಂದ ಇದೆ. ‘ಕೆರೋಟಿಡ್ ಸ್ಟೆನೋಸಿಸ್’ (ಕುತ್ತಿಗೆಯ ಈ ನಾಳ ಕಿರಿದಾಗುವುದಕ್ಕೆ ಡಾಕ್ಟರುಗಳ ಹೆಸರು) ಎಂದು ಹಾಕಿ, ನೀವಿರುವ ಊರು ಹಾಕಿ, ಈಗ ಜನರನ್ನು ಸೇರಿಸಿಕೊಳ್ಳುತ್ತಿರುವವನ್ನು ಮಾತ್ರ ಆರಿಸಿ. ಪ್ರತಿ ಟ್ರಯಲ್‌ಗೂ ಎನ್‌ಸಿಟಿ ಎಂದು ಶುರುವಾಗಿ 8 ಅಂಕಿಗಳಿರುವ ನಂಬರ್ ಇರುತ್ತದೆ. ಬರೆದಿಟ್ಟುಕೊಂಡು ಆ ಟ್ರಯಲ್ ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ತಾಣದಲ್ಲಿದೆ ಎಂದ ಮಾತ್ರಕ್ಕೆ ಸರ್ಕಾರ ಅದನ್ನು ಪರೀಕ್ಷಿಸಿ ಒಪ್ಪಿದೆ ಎಂದಲ್ಲ. ಸೇರಲು ದುಡ್ಡು ಕೇಳುವವರಿದ್ದರೆ ನಿಮ್ಮ ಡಾಕ್ಟರಿಗೆ ತೋರಿಸದೆ ಮುಂದುವರಿಯಬೇಡಿ. ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ಪಟ್ಟಿಯನ್ನು ಮೊದಲು ಓದಿ: ವಯಸ್ಸು, ಎಷ್ಟು ಶೇಕಡಾ ಕಿರಿದು, ಹಿಂದೆ ಸ್ಟ್ರೋಕ್ ಆಗಿದೆಯೇ, ಹೃದಯದ ಬಡಿತ ಸರಿಯಿದೆಯೇ, ಹೀಗೆ.

ಆ 75ನ್ನು ಪರೀಕ್ಷೆಯ ಮಾರ್ಕಿನಂತೆ ಹಿಡಿದುಕೊಳ್ಳಬೇಡಿ. ಅಲ್ಟ್ರಾಸೌಂಡ್ ರಕ್ತ ಹರಿಯುವ ವೇಗದಿಂದ ಅಂದಾಜು ಮಾಡುತ್ತದೆ. ಅಳೆಯುವ ಕ್ರಮದಲ್ಲೂ ಎರಡು ಬಗೆ ಇವೆ. ಅಮೆರಿಕದ ಕ್ರಮದಲ್ಲಿ 70 ಎಂದರೆ ಹಳೆಯ ಯುರೋಪಿನ ಕ್ರಮದಲ್ಲಿ ಸುಮಾರು 82. ಹಾಗಾಗಿ ಹೆಚ್ಚಿನ ಕಡೆ ಸಿಟಿ ಆಂಜಿಯೋಗ್ರಾಮ್ (ರಕ್ತನಾಳಗಳನ್ನೇ ತೋರಿಸುವ ಸಿಟಿ ಸ್ಕ್ಯಾನ್) ಮಾಡಿಸಿ ನೋಡುತ್ತಾರೆ. ಊರಿನಲ್ಲಿ ಮಾಡಿಸಿದ ಸ್ಕ್ಯಾನಿನ ಸಿ.ಡಿ. ಇದ್ದರೆ ತರಿಸಿಕೊಳ್ಳಿ, ಬರೀ ರಿಪೋರ್ಟ್ ಸಾಲದು.

ಹುಡುಕುವಾಗ ಕ್ರೆಸ್ಟ್-2 ಎಂಬ ಟ್ರಯಲ್‌ನ ಹೆಸರು ಕಣ್ಣಿಗೆ ಬಿದ್ದೇ ಬೀಳುತ್ತದೆ. ಲಕ್ಷಣವಿಲ್ಲದ, ಶೇ. 70 ಅಥವಾ ಹೆಚ್ಚು ಕಿರಿದಾದವರಿಗಾಗಿ 2014ರಲ್ಲಿ ಶುರುವಾದದ್ದು. ಅದಕ್ಕೆ ಸೇರುವ ಕಾಲ ಮುಗಿದಿದೆ, 2025ರಲ್ಲಿ ಫಲಿತಾಂಶವೂ ಬಂತು. ಬಿ.ಪಿ., ಕೊಲೆಸ್ಟ್ರಾಲ್‌ಗಳನ್ನು ಬಿಗಿಯಾಗಿ ಹಿಡಿದಿಟ್ಟು ಔಷಧಿಯಲ್ಲೇ ನೋಡಿಕೊಂಡವರಲ್ಲಿ 4 ವರ್ಷಗಳಲ್ಲಿ ಶೇ. 6ರಷ್ಟು ಮಂದಿಗೆ ಸ್ಟ್ರೋಕ್‌ನಂಥ ಅನಾಹುತ. ಔಷಧಿಯ ಜೊತೆಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 2.8. ಇನ್ನೊಂದು ಭಾಗದಲ್ಲಿ ಆಪರೇಷನ್ ಮಾಡಿ ನಾಳ ಶುಚಿ ಮಾಡಿದವರಲ್ಲಿ 3.7, ಬರೀ ಔಷಧಿಯವರಲ್ಲಿ 5.3, ಅಲ್ಲಿ ವ್ಯತ್ಯಾಸ ಖಚಿತವಾಗಲಿಲ್ಲ. ಇದನ್ನು ಹೇಳಿದ್ದು ಒಂದು ಕಾರಣಕ್ಕೆ. ಟ್ರಯಲ್‌ನಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ, ಡಾಕ್ಟರು ಆರಿಸುವುದಿಲ್ಲ. ಔಷಧಿಯ ಗುಂಪು ಬಂದರೆ ‘ನಮಗೆ ಏನೂ ಮಾಡಲಿಲ್ಲ’ ಎಂದು ತಂದೆಯವರು ನೊಂದುಕೊಳ್ಳಬಾರದು. ಆ ಗುಂಪಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಚೆನ್ನಾಗಿಯೇ ಇದ್ದರು.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ‘ಅಪ್ಪನಿಗೆ ಏನೂ ತೊಂದರೆಯಿಲ್ಲ’ ಎಂದು ಬರೆದಿದ್ದೀರಲ್ಲ, ಅದು ನಿಮಗೆ ಹೇಗೆ ಗೊತ್ತು?

ನಮ್ಮಪ್ಪ ಟ್ರಯಲ್‌ಗೆ ತಕ್ಕವರೋ ಎಂದು ನೋಡುವ ದಿನ ಕೋಆರ್ಡಿನೇಟರ್ ಒಂದೊಂದಾಗಿ ಕೇಳಿದರು. ಒಂದು ಕಣ್ಣು ಸ್ವಲ್ಪ ಹೊತ್ತು ಕತ್ತಲಾಗಿದ್ದುಂಟೇ? ಕೈ ಜೋಮು ಹಿಡಿದಿತ್ತೇ? ಮಾತು ತೊದಲಿತ್ತೇ? ಪಕ್ಕದಲ್ಲಿ ಕೂತು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದವನು ನಾನೇ. ಎಲ್ಲದಕ್ಕೂ ಅಪ್ಪ ‘ಇಲ್ಲಪ್ಪ, ಏನೂ ಇಲ್ಲ’ ಅಂದರು. ಅದಾಗಿ ಕೆಲವೇ ದಿನಗಳಲ್ಲಿ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮ ಅಳುತ್ತಾ ಹೇಳಿದರು: ಎಡಗಣ್ಣಿಗೆ ಪರದೆ ಎಳೆದಂತಾಗಿತ್ತಂತೆ, ಎರಡು ಸಲ. ‘ಹೊಸ ಕೆಲಸ, ಹೊಸ ಊರು, ಮಗನ ತಲೆಗೆ ಇದನ್ನೂ ಹಾಕಬೇಡ’ ಎಂದು ಅಪ್ಪನೇ ಅವರ ಬಾಯಿ ಕಟ್ಟಿದ್ದರು.

ನಮ್ಮ ಹಿರಿಯರು ಹೇಗೆ ಎಂದು ನಿಮಗೆ ವಿವರಿಸಬೇಕಿಲ್ಲ. ಆದರೆ ಈ ಕಾಯಿಲೆಯಲ್ಲಿ ಆ ಒಂದು ಮಾತು ಎಲ್ಲವನ್ನೂ ಬದಲಿಸುತ್ತದೆ. ಕಣ್ಣು ಕತ್ತಲಾಗಿ ಐದು ನಿಮಿಷದಲ್ಲಿ ಸರಿಹೋದರೂ ಅದು ಲಕ್ಷಣವೇ. ಅಲ್ಲಿಗೆ ಲಕ್ಷಣವಿಲ್ಲದವರ ಟ್ರಯಲ್ ಅವರದಲ್ಲ. ಹುಡುಕಾಟ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಂಡ, ಶೇ. 70 ಅಥವಾ ಹೆಚ್ಚು ಕಿರಿದಾದ ನಾಳಕ್ಕೆ ಆಪರೇಷನ್ ಎಷ್ಟು ಉಪಯೋಗ ಎಂದು 1991ರಲ್ಲೇ ನ್ಯಾಸೆಟ್ ಎಂಬ ಅಧ್ಯಯನ ತೋರಿಸಿತು: ಎರಡು ವರ್ಷದಲ್ಲಿ ಆ ನಾಳದ ಕಡೆಯ ಸ್ಟ್ರೋಕ್ ಶೇ. 26ರಿಂದ 9ಕ್ಕೆ ಇಳಿಯಿತು. ಆಪರೇಷನ್ನಿಗೆ ತಕ್ಕವರಾದರೆ ಎರಡು ವಾರದೊಳಗೆ ಮಾಡುವುದು ಒಳ್ಳೆಯದು ಎನ್ನುತ್ತಾರೆ. ಅಪ್ಪ ಬಾಯಿ ಬಿಟ್ಟಿದ್ದರೆ ಆ ಎರಡು ವಾರ ನಮಗೂ ಸಿಗುತ್ತಿತ್ತು. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ಕೈ ತಡೆಯುತ್ತದೆ.

ಹಾಗಾಗಿ ದಯವಿಟ್ಟು ನೀವು ದುಭಾಷಿಯಾಗಬೇಡಿ. ಕನ್ನಡದ ಇಂಟರ್‌ಪ್ರಿಟರ್ ಬೇಕೆಂದು ಮೊದಲೇ ಹೇಳಿ, ಫೋನಿನಲ್ಲಾದರೂ ಕೊಡುತ್ತಾರೆ, ಅದಕ್ಕೆ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಹಿಂದಿ ಸಾಕು ಎಂದು ಒಪ್ಪಿಕೊಳ್ಳಬೇಡಿ. ಪ್ರಶ್ನೆ ಕೇಳುವಾಗ ನೀವು ಹೊರಗೆ ಹೋಗಿ ಕೂತುಕೊಳ್ಳಿ. ಮಗನ ಮುಂದೆ ಆಡದ ಮಾತನ್ನು ಗುರುತಿಲ್ಲದವರ ಮುಂದೆ ಆಡುತ್ತಾರೆ. ತಾಯಿಯವರಿದ್ದರೆ ಅವರನ್ನು ಬೇರೆಯಾಗಿ ಕೇಳಿ. ಒಪ್ಪಿಗೆ ಪತ್ರವನ್ನು ಮನೆಗೆ ತಂದು ನಿಧಾನವಾಗಿ ಓದಿಸಿ. ‘ಡಾಕ್ಟರು ಹೇಳಿದ ಮೇಲೆ ಆಯಿತು’ ಎಂದು ತಲೆಯಾಡಿಸಿ ಸಹಿ ಹಾಕಬಾರದು.

ಖರ್ಚು: ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆಗಳನ್ನು ಸಾಮಾನ್ಯವಾಗಿ ಅವರೇ ನೋಡಿಕೊಳ್ಳುತ್ತಾರೆ, ಮಾಮೂಲಿ ಚಿಕಿತ್ಸೆ ಇನ್ಶೂರೆನ್ಸ್ ಮೇಲೆ ಬೀಳುತ್ತದೆ. ವಿಸಿಟರ್ ಇನ್ಶೂರೆನ್ಸ್ ಆದರೆ ಮೊದಲಿಂದ ಇರುವ ಕಾಯಿಲೆಯನ್ನು ಬಿಟ್ಟಿರುವುದೇ ಹೆಚ್ಚು. ಯಾವುದು ಯಾರ ಪಾಲು ಎಂದು ಬರವಣಿಗೆಯಲ್ಲಿ ಕೇಳಿ. ವೀಸಾ: ಪೌರತ್ವಕ್ಕಿಂತ, ವರ್ಷಗಟ್ಟಲೆ ತಪಾಸಣೆಗೆ ಬರಲಾಗುತ್ತದೆಯೇ ಎಂಬುದೇ ಅವರ ಪ್ರಶ್ನೆ.

ಊರಿಗೆ ಹೋಗುವ ವಿಷಯ. ಟ್ರಯಲ್‌ನಿಂದ ಯಾವಾಗ ಬೇಕಾದರೂ ಹೊರಬರುವ ಹಕ್ಕು ಅವರಿಗಿದೆ, ಕಾರಣ ಹೇಳಬೇಕಿಲ್ಲ, ಮುಂದಿನ ಚಿಕಿತ್ಸೆಗೂ ಅದು ಅಡ್ಡಿಯಲ್ಲ. ಆದರೆ ತಂದೆಯವರ ಮನಸ್ಸು ಆಗಲೇ ಊರಿನ ಕಡೆ ಎಳೆಯುತ್ತಿದ್ದರೆ ಸೇರುವ ಮುಂಚೆಯೇ ಕೋಆರ್ಡಿನೇಟರ್‌ಗೆ ಹೇಳಿ, ಯಾವ ತಪಾಸಣೆ ಫೋನಿನಲ್ಲಿ ನಡೆಯುತ್ತದೆ, ಯಾವುದಕ್ಕೆ ಎದುರಿಗೇ ಬರಬೇಕು ಎಂದು ಕೇಳಿಕೊಳ್ಳಿ. ತಂದೆಯವರಿಗೆ ಇಲ್ಲಿರಲು ಇಷ್ಟವಿಲ್ಲದಿದ್ದರೆ ಬಲವಂತ ಮಾಡಬೇಡಿ. ಊರಿನಲ್ಲಿ ನಡೆಯುವ ಟ್ರಯಲ್‌ಗಳೂ ಸಿಟಿಆರ್‌ಐ ಎಂಬ ಭಾರತದ ದಾಖಲೆಯಲ್ಲಿ ಸಿಗುತ್ತವೆ, 2009ರಿಂದ ಅಲ್ಲಿ ನೋಂದಣಿ ಕಡ್ಡಾಯ. ಇವತ್ತು ರಾತ್ರಿ ಮೊದಲು ತಾಯಿಯವರ ಹತ್ತಿರ ಮಾತಾಡಿ. ಕಣ್ಣು, ಕೈ, ಮಾತು, ಯಾವುದರ ಸುಳಿವು ಸಿಕ್ಕರೂ ಬೆಳಗಿನವರೆಗೆ ಕಾಯದೆ ಆಗಲೇ 911ಕ್ಕೆ ಕರೆ ಮಾಡಿ.