ಡಬ್ಲಿನ್‌ಗೆ ಬರುವ ತಂಗಿಗೆ

ತಂಗೀ, ಐರ್ಲೆಂಡ್ ಕಡೆಯ ಹಳೆಯ ಕೆಲ್ಟ್ ಜನರ ಪುರಾಣ ಓದಲು ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ಗೆ ಬರುತ್ತಿದ್ದೇನೆ, ಈಗಲೇ ಏನು ತಯಾರಿ ಮಾಡಿಕೊಳ್ಳಲಿ ಅಂತ ಕೇಳಿದ್ದೀಯ. ನಾನು ಪಂಡಿತನಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಸಂಜೆ ಕ್ಲಾಸಿಗೆ ಹೋಗಿ ಒಂದಿಷ್ಟು ಐರಿಷ್ ಕಲಿತಿದ್ದೇನೆ, ಅಷ್ಟೇ.

ಮೊದಲು ರೂಮು ಹುಡುಕು. ಇಲ್ಲಿ ಅದೇ ದೊಡ್ಡ ತಲೆನೋವು. ಆಮೇಲೆ ಹಳೆಯ ಐರಿಷ್ ಭಾಷೆ ಶುರು ಮಾಡು. ಇಂಗ್ಲಿಷ್ ಅನುವಾದ ನಂಬಿಕೊಂಡು ಬಂದರೆ ಸುಮ್ನೆ ದಡದಲ್ಲೇ ನಿಂತಿರುತ್ತೀಯ. ಹಸುವಿಗೆ ಐರಿಷ್‌ನಲ್ಲಿ 'ಬೋ' ಅಂತಾರೆ. ಅದೂ ಸಂಸ್ಕೃತದ 'ಗೋ'ವೂ ಒಂದೇ ಬೇರಿನವು. ಆದರೆ ಇಂಥದ್ದು ಸಿಕ್ಕಿತೆಂದು ಹಿಗ್ಗಿ ಇಲ್ಲಿನ ಎಲ್ಲ ದೇವರಿಗೂ ನಮ್ಮ ದೇವರ ಜೊತೆ ನಂಟು ಕಟ್ಟಲು ಹೋಗಬೇಡ. ನಾನು ಹಾಗೆ ಮಾಡಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೇನೆ.

ಕೆಲ್ಟರ ಪುರೋಹಿತರಾದ ಡ್ರೂಯಿಡ್‌ಗಳು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಗಾಲ್ ದೇಶದಲ್ಲಿ, ಅಂದರೆ ಈಗಿನ ಫ್ರಾನ್ಸ್ ಕಡೆ, ಕೆಲವರು ಇಪ್ಪತ್ತು ವರ್ಷ ಬಾಯಿಪಾಠ ಮಾಡುತ್ತಿದ್ದರು ಅಂತ ಬರೆದವನು ಅವರ ನಾಡನ್ನೇ ಗೆದ್ದ ರೋಮಿನ ಸೇನಾಪತಿ ಸೀಸರ್. ಐರ್ಲೆಂಡ್‌ನ ಹಳೆಯ ದೇವರ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು. ಅಂಥ ಕಥೆಗಳಿರುವ ಸುಮಾರು 1100ರ ಹಸ್ತಪ್ರತಿ 'ಕಂದು ಹಸುವಿನ ಪುಸ್ತಕ' ಇಲ್ಲೇ ಡಾಸನ್ ಸ್ಟ್ರೀಟ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. ಬೇರೆ ದೇವರನ್ನು ನಂಬುವವರು ಬರೆದ ದೇವರ ಕಥೆ! ಅದರಲ್ಲಿ ಹಳೆಯದೆಷ್ಟು, ಇವರು ಸೇರಿಸಿದ್ದೆಷ್ಟು ಅನ್ನುವುದರಲ್ಲೇ ನಿನ್ನ ಓದಿನ ಅರ್ಧ ದಿನಗಳು ಕಳೆದುಹೋಗುತ್ತವೆ.

ಬ್ರಿಜಿಡ್‌ಳನ್ನೇ ನೋಡು. ಸುಮಾರು 900ರ ಒಂದು ಪದಕೋಶ ಅವಳನ್ನು ಕವಿಗಳು ಪೂಜಿಸುವ ದೇವತೆ ಅನ್ನುತ್ತದೆ. ವೈದ್ಯಕ್ಕೊಬ್ಬಳು, ಕಮ್ಮಾರಿಕೆಗೊಬ್ಬಳು, ಅದೇ ಹೆಸರಿನ ಇಬ್ಬರು ಅಕ್ಕತಂಗಿಯರೂ ಅವಳಿಗಿದ್ದಾರೆ. ಅದಕ್ಕೂ ಮುಂಚೆ, ಏಳನೇ ಶತಮಾನದಲ್ಲೇ, ಕಿಲ್ಡೇರ್‌ನ ಸಂತ ಬ್ರಿಜಿಡ್‌ಳ ಚರಿತ್ರೆ ಬರೆದಾಗಿತ್ತು. ದೇವತೆಯೇ ಸಂತಳಾದಳೋ, ಇಬ್ಬರೂ ಬೇರೆಯೋ, ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಕಿಲ್ಡೇರ್ ಊರಾಚೆ ಅವಳ ಹೆಸರಿನ ಬಾವಿಯಿದೆ. ಪಕ್ಕದ ಮರದ ತುಂಬ ಬಟ್ಟೆಚೂರುಗಳು. ನಾನು ಹೋದ ದಿನ ಮಳೆ ಬಂದು ನಿಂತಿತ್ತು. ಒಂದು ಮಗುವಿನ ಕಾಲುಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಆಸ್ಪತ್ರೆಯ ಕೈಪಟ್ಟಿ, ಹೆಸರು ಅಳಿಸಿಹೋಗಿತ್ತು. ನಮ್ಮ ಕಡೆ ಮಕ್ಕಳಾಗಲಿ ಅಂತ ಮರಕ್ಕೆ ತೊಟ್ಟಿಲು ಕಟ್ಟುತ್ತಾರಲ್ಲ, ಅದೇ ನೆನಪಾಯಿತು. ಇದೂ ನಂಟು ಕಟ್ಟಿದ ಹಾಗೇ ಆಯಿತು, ಅಲ್ವಾ? ಇರಲಿ, ಮೇಷ್ಟ್ರಿಗೆ ಹೇಳಬೇಡ.

ಫೆಬ್ರವರಿ 1 ಅವಳ ಹಬ್ಬ. 2023ರಿಂದ ಆ ಹೊತ್ತಿಗೊಂದು ಸರ್ಕಾರಿ ರಜೆಯೂ ಸಿಗುತ್ತದೆ. ಅವತ್ತು ರೈಲಿನಲ್ಲಿ ಕಿಲ್ಡೇರ್‌ಗೆ ಹೋಗಿಬರೋಣ. ಛತ್ರಿ ತರಬೇಡ, ಇಲ್ಲಿನ ಗಾಳಿಗೆ ಮಗುಚಿಕೊಳ್ಳುತ್ತದೆ. ಒಳ್ಳೆಯ ರೇನ್‌ಕೋಟ್ ತಾ. ಚಟ್ನಿಪುಡಿಯನ್ನೂ ಜಾಸ್ತಿನೇ ತಾ.