ಖಾಲಿ ಎರಿಗೆ ಬಿಟಿ ಹೊಡೆಯುವ ಮುಂಚೆ ಪಕ್ಕದ ಹೊಲದ ರೇಷ್ಮೆ ನೋಡಿ

ಅಕ್ಕಾರೆ, ಜೇನುಪೆಟ್ಟಿಗೆಯಿಂದ ತೆಗೆದಿಟ್ಟ ಖಾಲಿ ಎರಿಗಳಿಗೆ ಮೇಣದ ಹುಳು (ಮೇಣದ ಎರಿ ತಿನ್ನುವ ಪತಂಗದ ಮರಿ) ಬಿದ್ದಿದೆ, ಮಣ್ಣಿನ ಬ್ಯಾಕ್ಟೀರಿಯಾ ಬಿಟಿ ಹೊಡೆದರೆ ಜೇನು ಸಾಯುತ್ತವಾ ಅಂತ ಕೇಳಿದ್ದೀರಿ. ಪಕ್ಕದವರು ರೇಷ್ಮೆ ಸಾಕುತ್ತಾರೆ ಅಂತಲೂ ಬರೆದಿದ್ದೀರಿ. ನಾನು ಖಾನಾಪುರದ ಕಡೆ ಪೆಟ್ಟಿಗೆ ಇಟ್ಟವನು, ನನಗೂ ಈ ಕಾಟ ಆಗಿದೆ.

ಜೇನಿಗೆ ಏನೂ ಆಗೋದಿಲ್ಲ. ಬೈಲಹೊಂಗಲ ಕಡೆಯವರಿಗೆಲ್ಲ ಬಿಟಿ ಹತ್ತಿ ಗೊತ್ತಲ್ವಾ, ಆ ಹತ್ತಿಗೆ ಜೀನ್ ತಂದಿದ್ದು ಇದೇ ಬ್ಯಾಕ್ಟೀರಿಯಾದಿಂದ. ಇದರಲ್ಲಿ ಹರಳಿನಂಥ ಪ್ರೋಟೀನ್ ಇರುತ್ತದೆ. ಪತಂಗದ ಮರಿಹುಳು ಅದನ್ನು ತಿಂದರೆ ಕ್ಷಾರ ಜಾಸ್ತಿ ಇರುವ ಅದರ ಕರುಳಿನಲ್ಲಿ ಹರಳು ಕರಗಿ, ಗೋಡೆಗೆ ತೂತು ಬೀಳುತ್ತದೆ. ಹುಳು ತಿನ್ನೋದು ಬಿಟ್ಟು ಕೆಲವು ದಿನದಲ್ಲಿ ಸಾಯುತ್ತದೆ. ಜೇನಿನ ಕರುಳಿನಲ್ಲಿ ಆ ಪ್ರೋಟೀನ್ ಹಿಡಿಯುವ ಜಾಗವೇ ಇಲ್ಲ.

ಆದರೆ ರೇಷ್ಮೆಹುಳುವೂ ಪತಂಗದ ಮರಿಯೇ. 1901ರಲ್ಲಿ ಜಪಾನಿನ ಇಶಿವಾಟಾ ಅವರು ಈ ಬ್ಯಾಕ್ಟೀರಿಯಾ ಕಂಡಿದ್ದೇ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಹಾಗಾಗಿ ಹೊರಗೆ, ಗಾಳಿಗೆ ಹೊಡೆಯಲೇಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿ. ಆ ಪಂಪನ್ನು ಹಿಪ್ಪುನೇರಳೆ ತೋಟಕ್ಕೆ ಕೊಡಬೇಡಿ. ಬಟ್ಟೆ ಬದಲಿಸಿ, ಕೈ ತೊಳೆದು ಆಮೇಲೆ ಅವರ ಮನೆ ಕಡೆ ಹೋಗಿ. ಅವರಿಗೂ ಮೊದಲೇ ಒಂದು ಮಾತು ಹೇಳಿಡಿ, ಅವರ ವರ್ಷದ ದುಡಿಮೆ ಅದರಲ್ಲಿದೆ.

ಇನ್ನು ಪಾಕೀಟು. ಬಿಟಿಯಲ್ಲಿ ತಳಿಗಳಿವೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಕುರ್ಸ್ಟಾಕಿ. ಮೇಣದ ಹುಳುವಿಗೆ ಹೆಸರಾದದ್ದು ಐಜಾವಾಯ್. ಲೇಬಲ್ ಓದಿ ತಗೊಳ್ಳಿ, ಪ್ರಮಾಣವೂ ಅದರ ಮೇಲಿದ್ದಷ್ಟೇ.

ಹೋದ ವರ್ಷ ನಾನು ತಡ ಮಾಡಿದೆ. ಒಂದು ಕಪ್ಪು ಎರಿಯನ್ನು ಬಿಸಿಲಿಗೆ ಹಿಡಿದರೆ ಒಳಗೆಲ್ಲ ಬಿಳಿ ನೂಲಿನ ಸುರಂಗ, ಅದರ ತುಂಬ ಮೆಣಸಿನ ಪುಡಿಯಂಥ ಹಿಕ್ಕೆ. ಬೆರಳು ತಾಗಿಸಿದರೆ ಹುಳು ಹಿಂದಕ್ಕೇ ಓಡುತ್ತಿತ್ತು. ಅಂಥದ್ದಕ್ಕೆ ಬಿಟಿ ಹೊಡೆದು ಏನೂ ಪ್ರಯೋಜನ ಆಗಲಿಲ್ಲ. ದೊಡ್ಡ ಹುಳು ಸುಲಭಕ್ಕೆ ಸಾಯೋದಿಲ್ಲ, ನೂಲಿನ ಒಳಗೆ ಔಷಧಿ ಇಳಿಯೋದೂ ಇಲ್ಲ. ಎಂಟು ಎರಿ ಹೋದವು. ನಿಮ್ಮಲ್ಲೂ ಹಾಗೆ ನೂಲು ಕಟ್ಟಿದ್ದರೆ ಅವನ್ನು ಕರಗಿಸಿ ಮೇಣ ತೆಗೆದುಬಿಡಿ.

ಉಳಿದ ಚೊಕ್ಕ ಎರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರಿನಲ್ಲಿ ಒಂದು ರಾತ್ರಿ ಇಡಿ. ಬಿಟಿ ಮೊಟ್ಟೆಯನ್ನು ಕೊಲ್ಲೋದಿಲ್ಲ, ಥಂಡಿ ಕೊಲ್ಲುತ್ತದೆ. ಆಮೇಲೆ ಎರಡೂ ಬದಿಗೆ ನುಣ್ಣಗೆ ಸಿಂಪಡಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ ಪೇರಿಸಿ. ಬಿಸಿಲಿಗೆ ಬಿಟಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬಟ್ಟೆ ನಡುವೆ ಇಡುವ ನುಸಿ ಗುಳಿಗೆ ಮಾತ್ರ ಇಡಬೇಡಿ, ಮೇಣ ಅದನ್ನು ಹೀರಿಕೊಳ್ಳುತ್ತದೆ, ಜೇನುತುಪ್ಪಕ್ಕೂ ಬರುತ್ತದೆ.

ಜೇನು ಇರುವ ಪೆಟ್ಟಿಗೆಗೆ ಬಿಟಿ ಬೇಕಿಲ್ಲ. ಕುಟುಂಬ ಗಟ್ಟಿ ಇದ್ದರೆ ಅವೇ ಹುಳುವನ್ನು ಎಳೆದು ಹಾಕುತ್ತವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಳದ ಹಲಗೆ ಕೆರೆದು ಒರೆಸಿ, ಜೇನು ಕೂರದ ಎರಿ ತೆಗೆಯಿರಿ. ನಮ್ಮ ನಾಡಿನ ತುಡುವೆ ಜೇನಾದರೆ ಇದು ಬಿಡಲೇಬಾರದು, ಹುಳು ಜಾಸ್ತಿ ಆದರೆ ಪೆಟ್ಟಿಗೆ ಬಿಟ್ಟು ಹೋಗಿಬಿಡುತ್ತವೆ.

ಕೊಳ್ಳುವ ಮುಂಚೆ ಪಾಕೀಟಿನ ಫೋಟೊ ಇಲ್ಲೇ ಹಾಕಿ ಅಕ್ಕಾ, ತಳಿ ಯಾವುದು ಅಂತ ನೋಡಿ ಹೇಳುತ್ತೇನೆ.