ವಡಾಪಾವ್ 18, ಚಹಾ 12, ಒಟ್ಟು 1812 ಬಂದರೆ

ಮಗಳು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಎರಡು ಬೆಲೆ ಕೂಡುವ ಬದಲು 1812 ತೋರಿಸುತ್ತಿದೆ, ಏಕೆ ಎಂದು ಕೇಳಿದ್ದೀರಿ. ಅದು ಬೆಲೆಗಳನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರಗಳಾಗಿ ಓದುತ್ತಿದೆ. ಕೋಡ್ ನೋಡದೆ ಹೇಳುತ್ತಿದ್ದೇನೆ, ಆದರೆ 30ರ ಬದಲು 1812 ಬರುವುದಕ್ಕೆ ಬಹುಪಾಲು ಇದೇ ಕಾರಣ. ಪೈಥಾನ್ 3ರಲ್ಲಿ ‘ಇನ್‌ಪುಟ್’ ಎಂಬ ಆಜ್ಞೆ ಟೈಪ್ ಮಾಡಿದ್ದು ಏನೇ ಇದ್ದರೂ ಅದನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಕೊಡುತ್ತದೆ. ಎರಡು ಸ್ಟ್ರಿಂಗ್‌ಗಳ ನಡುವಿನ ಪ್ಲಸ್ ಕೂಡುವುದಿಲ್ಲ, ಅಂಟಿಸುತ್ತದೆ.

ಮೊದಲು ಅವಳೇ ಕಣ್ಣಾರೆ ನೋಡಲಿ: ಬೆಲೆ ಓದಿದ ಸಾಲಿನ ಕೆಳಗೆ ಪ್ರಿಂಟ್(ಟೈಪ್(ದರ)) ಹಾಕಿ (‘ದರ’ ಇರುವಲ್ಲಿ ಬೆಲೆಗೆ ಅವಳು ಇಟ್ಟ ಹೆಸರು ಬರಲಿ) ಓಡಿಸಿದರೆ ‘ಎಸ್‌ಟಿಆರ್’ ಎಂದು, ಅಂದರೆ ಸ್ಟ್ರಿಂಗ್ ಎಂದು, ಬರುತ್ತದೆ. ಆಮೇಲೆ ಇನ್‌ಪುಟ್ ಇರುವ ಎರಡೂ ಸಾಲುಗಳನ್ನು ಹೀಗೆ ತಿದ್ದಲಿ, ಇಂಟ್ ಆ ಅಕ್ಷರಗಳನ್ನು ಪೂರ್ಣಸಂಖ್ಯೆಯಾಗಿಸುತ್ತದೆ:

ದರ = ಇಂಟ್(ಇನ್‌ಪುಟ್("ವಡಾಪಾವ್ ದರ: "))

ಇಂಟ್, ಇನ್‌ಪುಟ್, ಪ್ರಿಂಟ್, ಟೈಪ್ ಇವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ‘ದರ’ ಕನ್ನಡದಲ್ಲೇ ಇದ್ದರೂ ನಡೆಯುತ್ತದೆ, ಮನೆಮಾತಿನಲ್ಲಿ ಹೆಸರಿಟ್ಟರೆ ಹೊಸಬರಿಗೆ ತುಂಬ ಅನುಕೂಲ. ಕೊನೆಯಲ್ಲಿ ಎರಡು ಆವರಣ ಮುಚ್ಚಬೇಕು. ಒಂದನ್ನು ಮರೆತರೆ ಪೈಥಾನಿನ ಹಳೆಯ ಆವೃತ್ತಿಗಳು ತಪ್ಪನ್ನು ಮುಂದಿನ ಸಾಲಿನಲ್ಲಿ ತೋರಿಸುತ್ತವೆ. ಮಕ್ಕಳು ಸರಿಯಿದ್ದ ಸಾಲನ್ನೇ ತಿದ್ದುತ್ತ ಕೂರುವುದು ಇಲ್ಲೇ, ಹಾಗಾಗಿ ಮೇಲಿನ ಸಾಲನ್ನೂ ನೋಡಲು ಹೇಳಿ.

ಇಷ್ಟಾದ ಮೇಲೆ ‘ವ್ಯಾಲ್ಯೂಎರರ್’ ಎಂಬ ತಪ್ಪಿನ ಸಂದೇಶ ಬಂದರೆ ಅವಳು 12.50 ಅಥವಾ ‘12 ರೂ’ ಎಂದು ಕೊಟ್ಟಿರಬಹುದು, ಇಲ್ಲವೇ ಖಾಲಿ ಎಂಟರ್ ಒತ್ತಿರಬಹುದು. ಪೈಸೆ ಬೇಕಿದ್ದರೆ ಇಂಟ್ ಬದಲು ದಶಮಾಂಶವನ್ನೂ ಓದುವ ಫ್ಲೋಟ್ ಬರೆಯಲಿ. ೧೮ ಎಂದು ಕನ್ನಡ ಅಂಕಿ ಕೊಟ್ಟರೂ ಇಂಟ್ ಸರಿಯಾಗಿಯೇ ಓದುತ್ತದೆ.

ಆಗಲೂ 1812 ಬರುತ್ತಿದ್ದರೆ ಫೈಲ್ ಸೇವ್ ಆಗಿದೆಯೇ ನೋಡಿ, ಪೂರ್ತಿ ಕೋಡ್ ಇಲ್ಲಿ ಹಾಕಿ.